ಪಲ್ಸ್ ಮಿಗ್ ತಗೊಳ್ಳೋ ಮೊದಲು ಗ್ರೈಂಡರ್ ಕಡೆ ನೋಡಿ

ಪುಣೆ ಪಕ್ಕದ ನಮ್ಮ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಗುರುವಾರ ರಜೆ. ನನ್ನ ಈ ಅಂಕಣಕ್ಕೂ ಅದೇ ದಿನ. ಶೆಡ್ಡಿನಲ್ಲಿ ಸದ್ದಿಲ್ಲ, ಟಪರಿಯಿಂದ ಕಟಿಂಗ್ ಚಹಾ ಬಂದಿದೆ, ಮುಂದೆ ನಿಮ್ಮ ಪತ್ರಗಳಿವೆ. ಈ ಸಲ ತಮಾಷೆ ಏನೆಂದರೆ ಪುಣೆ, ಮುಂಬೈ, ಗೋವಾ ಎಲ್ಲ ಕಡೆಯಿಂದ ಬಂದ ಪ್ರಶ್ನೆ ಹೆಚ್ಚುಕಡಿಮೆ ಒಂದೇ, ಪಲ್ಸ್ ಮಿಗ್ ಬಗ್ಗೆ. ಮಿಗ್ ಅಂದರೆ ತಂತಿ ತಾನಾಗಿ ಬಂದು ಆರ್ಕಿನಲ್ಲಿ (ವಿದ್ಯುತ್ ಕಿಡಿಯಲ್ಲಿ) ಕರಗಿ, ಗ್ಯಾಸಿನ ರಕ್ಷಣೆಯಲ್ಲಿ ಬೆಸೆಯುವ ವೆಲ್ಡಿಂಗ್. ಪಲ್ಸ್ ಅಂದರೆ ಅದಕ್ಕೆ ಕರೆಂಟನ್ನು ಏಟು ಏಟಾಗಿ ಕೊಡುವುದು. ಪಲ್ಸ್ ಮಿಗ್ ತಗೋಬೇಕಾ? ತಗೊಂಡರೆ ಯಾವುದು? ತಗೊಂಡಾಗಿದೆ, ಈಗೇನು ಮಾಡಲಿ? ಹಾಗಾಗಿ ಗೇಟು, ಗ್ರಿಲ್ಲು, ಡ್ರಿಲ್ಲಿನ ಪತ್ರಗಳು ಮುಂದಿನ ಸಲಕ್ಕೆ.

ಪ್ರಶ್ನೆ: ನಾನು ವಿಜಯಪುರ ಕಡೆಯವನು. ಭೋಸರಿಯಲ್ಲಿ ಚಿಕ್ಕ ಫ್ಯಾಬ್ರಿಕೇಷನ್ ಶೆಡ್ ಇದೆ. ಚಾಕಣ್ ಕಾರ್ಖಾನೆಗಳಿಗೆ ಟ್ರಾಲಿ, ಫಿಕ್ಸ್ಚರ್ ಫ್ರೇಮು, ಸ್ಟ್ಯಾಂಡ್ ಮಾಡಿಕೊಡುತ್ತೇನೆ. 5ರಿಂದ 16 ಮಿಮೀ ಪ್ಲೇಟು. 400 ಆಂಪಿನ ಹಳೇ ಸಿಓಟು ಮಷೀನ್ (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಸಾದಾ ಮಿಗ್) ಇದೆ. ಕೆಲಸ ಚೆನ್ನಾಗಿ ನಡೆಯುತ್ತದೆ, ಆದರೆ ಸ್ಪ್ಯಾಟರ್, ಅಂದರೆ ಸಿಡಿದು ಅಂಟುವ ಲೋಹದ ಹನಿ, ಜಾಸ್ತಿ. ಡೀಲರ್ 500 ಆಂಪಿನ ಪಲ್ಸ್ ಮಷೀನೇ ಬೇಕು ಅನ್ನುತ್ತಾನೆ. ಯಾವ ಬ್ರ್ಯಾಂಡ್, ಎಷ್ಟು ಆಂಪ್, ಏನು ನೋಡಿ ಕೊಳ್ಳಬೇಕು?
— ಶೆಡ್ ಮಾಲೀಕರು, ಭೋಸರಿ

ಉತ್ತರ: ಬ್ರ್ಯಾಂಡಿನಿಂದ ಶುರು ಮಾಡಬೇಡಿ. ಆಂಪಿನಿಂದಲೂ ಬೇಡ. ನಿಮ್ಮ ಶೆಡ್ಡಿನಲ್ಲಿ ಉಳಿ, ಸುತ್ತಿಗೆ, ಗ್ರೈಂಡರ್ ಹಿಡಿದು ಸ್ಪ್ಯಾಟರ್ ಕೆರೆಯುತ್ತಾ ಕೂತಿರುವ ಹುಡುಗ ಒಬ್ಬ ಇರುತ್ತಾನಲ್ವಾ, ಅವನಿಂದ ಶುರು ಮಾಡಿ. ದಿನಕ್ಕೆ ಅವನದು ಅರ್ಧ ಗಂಟೆ ಕೆಲಸವಾದರೆ ಈಗಿರುವ ಮಷೀನ್ ಸಾಕು, ನಳಿಗೆಗೆ ಹಾಕುವ ಸ್ಪ್ರೇ ಒಂದು ಡಬ್ಬಿ ಜಾಸ್ತಿ ತರಿಸಿಕೊಳ್ಳಿ. ನಾಲ್ಕು ಗಂಟೆ ಆಗುತ್ತಿದ್ದರೆ ಮುಂದೆ ಓದಿ.

ಸಿಓಟು ಮಷೀನಿನಲ್ಲಿ ತಂತಿ ಜಾಬಿಗೆ (ಬೆಸೆಯುವ ವಸ್ತುವಿಗೆ) ತಗಲುತ್ತದೆ, ಶಾರ್ಟ್ ಆಗುತ್ತದೆ, ತುದಿ ಕರಗಿ ಸಿಡಿದು ಹೋಗುತ್ತದೆ, ಮತ್ತೆ ತಗಲುತ್ತದೆ. ಸೆಕೆಂಡಿಗೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಸಲ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಅನ್ನುವ ಸದ್ದು ಅದೇ. ಪಲ್ಸಿನಲ್ಲಿ ತಂತಿ ಜಾಬಿಗೆ ತಗಲುವುದೇ ಇಲ್ಲ. ಮಷೀನ್ ಕರೆಂಟನ್ನು ಒಂದು ಕ್ಷಣ ಮೇಲಕ್ಕೆ ಎಸೆಯುತ್ತದೆ, ಒಂದು ಹನಿ ಕಿತ್ತು ಬೀಳುತ್ತದೆ. ಮರುಕ್ಷಣ ಕರೆಂಟ್ ಕೆಳಗಿಳಿಯುತ್ತದೆ, ಆರ್ಕ್ ಆರದಷ್ಟು ಮಾತ್ರ ಉಳಿಯುತ್ತದೆ. ಮತ್ತೆ ಮೇಲೆ, ಮತ್ತೊಂದು ಹನಿ. ಸರಿಯಾಗಿ ಹೊಂದಿಸಿದರೆ ಒಂದು ಏಟಿಗೆ ಒಂದು ಹನಿ. ಇದೂ ಸೆಕೆಂಡಿಗೆ ಹತ್ತಾರರಿಂದ ಇನ್ನೂರು ಮುನ್ನೂರು ಸಲದವರೆಗೆ. ಸದ್ದು ದುಂಬಿಯ ಗುಂಯ್‌ ಥರ. ಕೆಲಸ ಗೊತ್ತಿದ್ದವರು ಹೆಲ್ಮೆಟ್ ಹಾಕಿಕೊಳ್ಳದೆ, ಬೆನ್ನು ತಿರುಗಿಸಿ ನಿಂತು, ಸದ್ದು ಕೇಳಿಯೇ ಸೆಟಿಂಗ್ ಸರಿಯಿದೆಯೋ ಇಲ್ಲವೋ ಹೇಳಿಬಿಡುತ್ತಾರೆ.

ಈಗ ಆಂಪ್. 1.2 ಮಿಮೀ ತಂತಿಯಲ್ಲಿ ಕೈಯಿಂದ ವೆಲ್ಡ್ ಮಾಡುವ ಹುಡುಗ ದಿನವಿಡೀ 400 ಆಂಪಿನಲ್ಲಿ ಟಾರ್ಚ್ (ತಂತಿ ಹೊರಬರುವ ಹಿಡಿ) ಹಿಡಿಯುವುದಿಲ್ಲ. ಹಿಡಿದರೆ ಮರುದಿನ ಬರುವುದಿಲ್ಲ. ನಿಮ್ಮ ಪ್ಲೇಟಿಗೆ 220ರಿಂದ 300 ಆಂಪ್ ಒಳಗೇ ಎಲ್ಲ ಮುಗಿಯುತ್ತದೆ. ಹಾಗಾಗಿ ನೋಡಬೇಕಾದದ್ದು ಡ್ಯೂಟಿ ಸೈಕಲ್. ಮಷೀನಿನ ಹಿಂದೆ ಪಟ್ಟಿ ಇರುತ್ತದೆ, ಬಗ್ಗಿ ಓದಿ. 400 ಆಂಪ್, 60 ಶೇಕಡ ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ 400ರಲ್ಲಿ ಓಡಿಸಬಹುದು, ನಾಲ್ಕು ನಿಮಿಷ ತಣ್ಣಗಾಗಲು ಬಿಡಬೇಕು ಎಂದರ್ಥ. ಅದೇ ಮಷೀನ್ ನಿಲ್ಲಿಸದೆ ಓಡಬೇಕಾದರೆ ಸುಮಾರು 310 ಆಂಪ್ ಕೊಡುತ್ತದೆ. ನಿಮಗೆ ಅಷ್ಟು ಧಾರಾಳ. ಆ ಅಳತೆ 40 ಡಿಗ್ರಿ ಸೆಖೆಯಲ್ಲಿ ತೆಗೆದದ್ದೇ ಎಂದು ಮಾತ್ರ ಖಚಿತ ಮಾಡಿಕೊಳ್ಳಿ. ಅಂತರರಾಷ್ಟ್ರೀಯ ಮಾನಕ ಹೇಳುವುದು 40 ಡಿಗ್ರಿಯೇ, ಆದರೆ ಅಗ್ಗದ ಕೆಲವು ಮಷೀನುಗಳ ಕಾಗದದಲ್ಲಿ 25 ಡಿಗ್ರಿ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಏಪ್ರಿಲ್ ತಿಂಗಳಲ್ಲಿ ಭೋಸರಿಯ ತಗಡಿನ ಶೆಡ್ಡಿನೊಳಗೆ 25 ಡಿಗ್ರಿ ಎಲ್ಲಿಂದ ತರೋಣ?

500 ಆಂಪಿನದು ಯಾರಿಗೆ? 1.6 ತಂತಿ ಓಡಿಸುವವರಿಗೆ, 20 ಮಿಮೀ ಮೇಲಿನ ಪ್ಲೇಟು ದಿನಾ ಬರುವವರಿಗೆ, ಮುಂದೆ ರೋಬೋ ಕೂರಿಸುವ ಯೋಚನೆ ಇದ್ದವರಿಗೆ. ಡೀಲರ್‌ಗೆ ಕಮಿಷನ್ ಎಲ್ಲಿ ಜಾಸ್ತಿ ಅನ್ನುವುದನ್ನು ನಾನು ಹೇಳಬೇಕಾಗಿಲ್ಲ.

ಕರೆಂಟ್ ಲೆಕ್ಕವನ್ನೂ ಈಗಲೇ ಮಾಡಿ. 400 ಆಂಪ್ ಎಂದರೆ ಆರ್ಕ್ ಕಡೆ 34 ವೋಲ್ಟ್. ಗುಣಿಸಿದರೆ 13.6 ಕಿಲೋವ್ಯಾಟ್. ಇನ್ವರ್ಟರಿನ ನಷ್ಟ ಸೇರಿಸಿದರೆ ಮೇನ್‌ನಿಂದ ಎಳೆಯುವುದು 17–18 ಕೆವಿಎ, ಥ್ರೀ ಫೇಸಿನಲ್ಲಿ ಒಂದೊಂದು ಲೈನಿಗೆ 25 ಆಂಪ್ ಆಸುಪಾಸು. ನಿಮ್ಮ ಮಂಜೂರಾದ ಲೋಡ್ 20 ಎಚ್‌ಪಿ ಅಂದರೆ 15 ಕಿಲೋವ್ಯಾಟ್ ಇದ್ದು, ಅದರಲ್ಲೇ ಕಂಪ್ರೆಸರ್ರೂ ಕಟಿಂಗ್ ಮಷೀನೂ ಓಡುತ್ತಿದ್ದರೆ ಮೊದಲು ಮಹಾವಿತರಣ (ಕರೆಂಟ್ ಕಂಪನಿ) ಕಚೇರಿಗೆ ಹೋಗಿ, ಆಮೇಲೆ ಡೀಲರ್ ಹತ್ತಿರ. ಡಿಜಿ (ಡೀಸೆಲ್ ಜನರೇಟರ್) ಮೇಲೆ ಓಡಿಸುವುದಾದರೆ 30 ಕೆವಿಎಗಿಂತ ಕಡಿಮೆ ಬೇಡ.

ಜನ ಮೋಸ ಹೋಗುವುದು ಟಾರ್ಚಿನಲ್ಲಿ. ಟಾರ್ಚ್ ಮೇಲೆ ಬರೆದ ಆಂಪ್ ಸಾಮಾನ್ಯವಾಗಿ ಸಿಓಟುಗೆ. ಸಿಓಟು ಟಾರ್ಚನ್ನು ತಂಪಾಗಿಡುತ್ತದೆ, ಪಲ್ಸಿಗೆ ಬೇಕಾದ ಆರ್ಗಾನ್ ಗ್ಯಾಸಿನ ಮಿಶ್ರಣ ಅಷ್ಟು ಇಡುವುದಿಲ್ಲ, ಮೇಲೆ ಪಲ್ಸಿನ ಏಟು ಬೇರೆ. 400 ಎಂದು ಬರೆದ ಟಾರ್ಚು 260–270ಕ್ಕೇ ಕೈ ಸುಡಲು ಶುರು ಮಾಡುತ್ತದೆ. ದಿನವಿಡೀ 250ರ ಮೇಲೆ ಕೆಲಸವಿದ್ದರೆ ನೀರು ಹರಿಯುವ ಟಾರ್ಚನ್ನೇ ಹಾಕಿಸಿಕೊಳ್ಳಿ. ಕೊಟೇಶನ್ನಿನಲ್ಲಿ ಮಷೀನಿನ ಬೆಲೆ ದೊಡ್ಡದಾಗಿ ಬರೆದು, ವಾಟರ್ ಕೂಲರ್ ಕೊನೆಯ ಸಾಲಿಗೆ 'ಬೇಕಾದಲ್ಲಿ' ಎಂದು ತಳ್ಳಿರುತ್ತಾರೆ. ಅದನ್ನು ಮೇಲಕ್ಕೆ ತನ್ನಿ. ತಂತಿ ತಳ್ಳುವ ಫೀಡರ್ ನಾಲ್ಕು ರೋಲರಿನದೇ ಇರಲಿ.

ಬ್ರ್ಯಾಂಡ್ ಕೇಳಿದ್ದೀರಿ. ಫ್ರೋನಿಯಸ್, ಕೆಂಪಿ, ಲಿಂಕನ್, ಮಿಲ್ಲರ್, ಇಸಾಬ್ ಎಲ್ಲರೂ ಪಲ್ಸಿನಲ್ಲಿ ಪಳಗಿದವರೇ. ಆಡೋರ್ ಅಂತೂ ನಮ್ಮ ಚಿಂಚವಡದ್ದು. ಫ್ರೋನಿಯಸ್‌ನವರೂ ಪುಣೆ ಕಡೆಯೇ ಇದ್ದಾರೆ. ನಾನು ಕೇಳುವ ಪ್ರಶ್ನೆ ಒಂದೇ: ಬೋರ್ಡ್ ಸುಟ್ಟರೆ ಎಷ್ಟು ದಿನದಲ್ಲಿ ಬದಲು ಬೋರ್ಡ್ ಬರುತ್ತದೆ, ಅಲ್ಲಿಯವರೆಗೆ ಬೇರೆ ಮಷೀನ್ ಕೊಡುತ್ತೀರಾ? ಬಾಯಿಮಾತು ಬೇಡ, ಕಾಗದದಲ್ಲಿ ಬರೆಸಿಕೊಳ್ಳಿ.

ಡೆಮೊ ನಿಮ್ಮ ಶೆಡ್ಡಿನಲ್ಲೇ ಆಗಬೇಕು. ಅವರ ಶೋರೂಮಿನಲ್ಲಿ ಬೆಳ್ಳಿ ತಟ್ಟೆ ಹಾಗೆ ಉಜ್ಜಿದ ಪ್ಲೇಟಿನ ಮೇಲೆ ಯಾರು ಹಾಕಿದರೂ ಬೀಡು (ಬೆಸುಗೆಯ ಗೆರೆ) ಚಂದ ಬರುತ್ತದೆ. ನಿಮ್ಮದೇ ಕಪ್ಪು ಹಿಡಿದ ಪ್ಲೇಟು, ನಿಮ್ಮದೇ ವೆಲ್ಡರ್ರು. 10 ಮಿಮೀ ಪ್ಲೇಟನ್ನು ಟಿ ಆಕಾರದಲ್ಲಿ ನಿಲ್ಲಿಸಿ ಒಂದೇ ಬದಿ ಬೆಸೆದು, ತಣ್ಣಗಾದ ಮೇಲೆ ಬೆಸುಗೆಯ ಕಡೆಗೇ ಮಡಚಿ, ಪ್ರೆಸ್ಸಿನಲ್ಲಾದರೂ ಸರಿ ಸುತ್ತಿಗೆಯಲ್ಲಾದರೂ ಸರಿ, ಬೇರು ಬಾಯಿ ಬಿಡಬೇಕು. ಬೆಸುಗೆ ಮುರಿದ ಮೇಲೆ ಒಳಗೆ ನೋಡಿ. ಮೂಲೆಯಲ್ಲಿ ಪ್ಲೇಟಿನ ಕತ್ತರಿಸಿದ ಅಂಚು ಹೊಸದರ ಹಾಗೆ ಗೆರೆಯಾಗಿ ಕಂಡರೆ ಬೆಸುಗೆ ಮೇಲೆ ಕೂತಿದೆ, ಒಳಗೆ ಕಚ್ಚಿಲ್ಲ. ಪಲ್ಸಿನ ದೊಡ್ಡ ಅಪಾಯ ಇದೇ. ಬೀಡು ಮದುವೆ ಮನೆ ರಂಗೋಲಿ ಹಾಗೆ ಕಾಣುತ್ತದೆ, ಒಳಗೆ ಪೊಳ್ಳು. ಮುಖ್ಯವಾಗಿ ಬೀಡು ಶುರುವಾಗುವ ಮೊದಲ ಒಂದಿಂಚು.

ಆರ್ಗಾನ್ ಮಿಶ್ರಣದ ಕಚ್ಚುವಿಕೆ ಬೆರಳಿನ ಹಾಗೆ ಕಿರಿದು, ಸಿಓಟುದು ಬೋಗುಣಿ ಹಾಗೆ ಅಗಲ. ಅದಕ್ಕೇ ಹೇಳುವುದು, ಹಳೇ ಮಷೀನ್ ಮಾರಬೇಡಿ. ಒಳಗೆ ಅಡಗುವ, ದಪ್ಪದ, ತುಕ್ಕಿನ ಕೆಲಸ ಅದರಲ್ಲೇ ಮಾಡಿ. ಕಣ್ಣಿಗೆ ಕಾಣುವ ಜಾಗ, ಪೇಂಟಿಗೆ ಹೋಗುವ ಜಾಗ, 5–8 ಮಿಮೀ ಫ್ರೇಮು ಪಲ್ಸಿಗೆ ಕೊಡಿ. ದುಡ್ಡಿನ ವಿಷಯ ಕೊನೆಯ ಪತ್ರದಲ್ಲಿ ಬರುತ್ತದೆ.

ಪ್ರಶ್ನೆ: ಪಲ್ಸ್ ಮಷೀನಿಗೆ ಸಿಓಟು ಸಿಲಿಂಡರ್ ಜೋಡಿಸಬಹುದಾ? ಗ್ಯಾಸಿನ ಖರ್ಚು ಉಳಿಯುತ್ತದಲ್ವಾ?
— ತಳೇಗಾಂವ್

ಉತ್ತರ: ಜೋಡಿಸಬಹುದು, ಪಲ್ಸ್ ಸಿಗುವುದಿಲ್ಲ. ಶುದ್ಧ ಸಿಓಟುನಲ್ಲಿ ಆರ್ಕ್ ಹನಿಯ ಕೆಳತುದಿಗೇ ಕಚ್ಚಿಕೊಂಡು ಹನಿಯನ್ನು ಮೇಲಕ್ಕೆ ದಬ್ಬುತ್ತದೆ. ಹನಿ ಓರೆಯಾಗಿ ಊದಿ, ಎಲ್ಲೋ ಸಿಡಿಯುತ್ತದೆ. ಹನಿ ನೇರವಾಗಿ, ಚಿಕ್ಕದಾಗಿ ಇಳಿಯಬೇಕಾದರೆ ಆರ್ಗಾನ್ 80 ಶೇಕಡವಾದರೂ ಇರಬೇಕು. ಕಬ್ಬಿಣಕ್ಕೆ 80–20 (ಆರ್ಗಾನ್ 80, ಸಿಓಟು 20) ಎಲ್ಲ ಕಡೆ ಸಿಗುತ್ತದೆ, 90–10 ಸಿಕ್ಕರೆ ಇನ್ನೂ ನುಣುಪು. ಸ್ಟೇನ್‌ಲೆಸ್ಸಿಗೆ 98–2. ಅಲ್ಯುಮಿನಿಯಮ್ಮಿಗೆ ಪೂರ್ತಿ ಆರ್ಗಾನ್. ಮಷೀನಿನಲ್ಲಿ ಆರಿಸಿದ ಗ್ಯಾಸೂ ಸಿಲಿಂಡರಿನ ಗ್ಯಾಸೂ ಒಂದೇ ಇರಲಿ. ಪರದೆಯಲ್ಲಿ 82–18 ಎಂದಿಟ್ಟು ಸಿಲಿಂಡರಿನಲ್ಲಿ ಬೇರೆ ಏನೋ ಇಟ್ಟು ಮಷೀನನ್ನು ಬಯ್ಯುವವರನ್ನು ಬಹಳ ನೋಡಿದ್ದೇನೆ.

ಪ್ರಶ್ನೆ: ನಾವು ವಾಸ್ಕೋದಲ್ಲಿ ಅಲ್ಯುಮಿನಿಯಂ ದೋಣಿ ರಿಪೇರಿ ಮಾಡುತ್ತೇವೆ. 5083 ದರ್ಜೆಯ ಪ್ಲೇಟು, 4ರಿಂದ 8 ಮಿಮೀ. ಇಷ್ಟು ದಿನ ಟಿಗ್, ಅಂದರೆ ಕೈಯಿಂದ ಕಡ್ಡಿ ಕೊಟ್ಟು ನಿಧಾನಕ್ಕೆ ಬೆಸೆಯುವುದು. ಈಗ ಪಲ್ಸ್ ಮಿಗ್ ನೋಡುತ್ತಿದ್ದೇವೆ. ಒಬ್ಬರ ಮಷೀನ್ ತಂದು ಟ್ರೈ ಮಾಡಿದಾಗ ಬೀಡಿನ ತುಂಬ ತೂತು ಬಂತು. ಡಬಲ್ ಪಲ್ಸ್ ಇದ್ದರೆ ಸರಿಯಾಗುತ್ತದಾ?
— ಹಾವೇರಿ ಮೂಲದ ವೆಲ್ಡರ್, ವಾಸ್ಕೋ

ಉತ್ತರ: ಪಲ್ಸ್ ಮಿಗ್ ನಿಜಕ್ಕೂ ಹುಟ್ಟಿದ್ದೇ ನಿಮ್ಮಂಥವರಿಗೆ ಅನ್ನಬಹುದು. ಕಬ್ಬಿಣದವರು ಯೋಚಿಸಿ ಕೊಳ್ಳಲಿ, ನೀವು ಕಣ್ಮುಚ್ಚಿ ಹೂಂ ಅನ್ನಿ. 4 ಮಿಮೀ ಪ್ಲೇಟಿಗೆ ಸಾದಾ ಸ್ಪ್ರೇ (ಕರೆಂಟ್ ಜೋರಾಗಿಟ್ಟು ಹನಿ ಸುರಿಸುವ ಬಗೆ) ಬಿಟ್ಟರೆ ತೂತಾಗುತ್ತದೆ, ಶಾರ್ಟ್ ಆರ್ಕಿನಲ್ಲಿ ಕಚ್ಚುವುದಿಲ್ಲ. ಮಧ್ಯದ ದಾರಿ ಪಲ್ಸ್ ಒಂದೇ. ವೇಗವಂತೂ ಟಿಗ್‌ಗೆ ಹೋಲಿಸುವ ಹಾಗೇ ಇಲ್ಲ.

ಆದರೆ ತೂತಿಗೂ ಡಬಲ್ ಪಲ್ಸಿಗೂ ಸಂಬಂಧ ಕಡಿಮೆ. ಡಬಲ್ ಪಲ್ಸ್ ಅಂದರೆ ಸೆಕೆಂಡಿಗೆ ಒಂದೆರಡು, ಮೂರು ಸಲ ಹೆಚ್ಚು ಶಾಖ, ಕಡಿಮೆ ಶಾಖ ಎಂದು ಬದಲಾಯಿಸುವುದು. ಅದರಿಂದ ಟಿಗ್ ಥರ ನಾಣ್ಯ ಜೋಡಿಸಿದ ಹಾಗೆ ಅಲೆ ಬರುತ್ತದೆ. ಗಿರಾಕಿಗೆ ಖುಷಿ. ತೂತು ಬರುವುದು ಹೈಡ್ರೋಜನ್ನಿನಿಂದ. ಹೈಡ್ರೋಜನ್ ಬರುವುದು ನೀರು, ಎಣ್ಣೆ, ಗ್ರೀಸಿನಿಂದ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾಸ್ಕೋದಲ್ಲಿ ಒಣಗಿದ್ದು ಅಂತ ಏನಾದರೂ ಇದೆಯಾ? ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ.

ತಂತಿ ಸ್ಪೂಲನ್ನು ರಾತ್ರಿ ಫೀಡರಿನಲ್ಲೇ ಬಿಡುತ್ತೀರಾ? ಬಿಡುತ್ತೀರಿ, ಎಲ್ಲರೂ ಬಿಡುತ್ತಾರೆ. ಮೊದಲು ಅದನ್ನು ನಿಲ್ಲಿಸಿ. ಒಂದು ಹಳೇ ಕಬ್ಬಿಣದ ಕಪಾಟಿನಲ್ಲಿ 60 ವ್ಯಾಟಿನ ಹಳದಿ ಬಲ್ಬು ಹಾಕಿ ಅದರೊಳಗೆ ಇಡಿ. ಎಸಿ ರೂಮಿನಿಂದ ತಂದ ಪ್ಲೇಟನ್ನಾಗಲಿ ತಂತಿಯನ್ನಾಗಲಿ ತಕ್ಷಣ ಬೆಸೆಯಬೇಡಿ, ತಣ್ಣೀರಿನ ಲೋಟದ ಹೊರಗೆ ಬೆವರು ಬರುವ ಹಾಗೆ ಅದರ ಮೇಲೂ ತೇವ ಕೂರುತ್ತದೆ. ಪ್ಲೇಟನ್ನು ಅಸಿಟೋನಿನಲ್ಲಿ ಒರೆಸಿ, ಆರಿದ ಮೇಲೆ ಸ್ಟೇನ್‌ಲೆಸ್ ಬ್ರಷ್ಷಿನಲ್ಲಿ ಉಜ್ಜಿ. ಒರೆಸುವುದು ಮೊದಲು, ಉಜ್ಜುವುದು ಆಮೇಲೆ. ತಿರುಗಾಮುರುಗಾ ಮಾಡಿದರೆ ಎಣ್ಣೆಯನ್ನು ಪ್ಲೇಟಿನೊಳಗೆ ತಿಕ್ಕಿದ ಹಾಗೆ. ಆ ಬ್ರಷ್ಷಿಗೆ ಕಬ್ಬಿಣ ತೋರಿಸಬೇಡಿ. ಉಜ್ಜಲೇಬೇಕು ಯಾಕೆಂದರೆ ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ, ಮೇಲಿನ ಆಕ್ಸೈಡ್ ಪದರ ಕರಗುವುದು 2000 ದಾಟಿದ ಮೇಲೆ. ಇನ್ನೊಂದು ಮಾತು, ಇದು ತಮಾಷೆಯಲ್ಲ: ಗ್ರೀಸ್ ತೆಗೆಯಲು ಟ್ರೈಕ್ಲೋರೋಎಥಿಲೀನ್ ಥರದ ಕ್ಲೋರಿನ್ ದ್ರಾವಣ ಬಳಸಿ ಅದೇ ಜಾಗದಲ್ಲಿ ಆರ್ಕ್ ಹೊಡೆಯಬೇಡಿ. ಆರ್ಕಿನ ಬೆಳಕಿಗೆ ಅದು ಫಾಸ್ಜೀನ್ ಎಂಬ ವಿಷಗಾಳಿ ಆಗಬಹುದು.

5083ಕ್ಕೆ 5356 ಅಥವಾ 5183 ತಂತಿ. ಅಂಗಡಿಯವನು 4043 ಕೊಟ್ಟು 'ಎಲ್ಲದಕ್ಕೂ ನಡೆಯುತ್ತದೆ' ಅಂದರೆ ಎದ್ದು ಬನ್ನಿ, ಮೆಗ್ನೀಷಿಯಂ ಜಾಸ್ತಿಯಿರುವ ನಿಮ್ಮ ಪ್ಲೇಟಿಗೆ ಅದು ಬೆಸುಗೆಯನ್ನು ಪೆಡಸು ಮಾಡುತ್ತದೆ. ಮಷೀನಿನ ಜತೆ ಯು ಆಕಾರದ ತೋಡಿರುವ ರೋಲರ್, ಟೆಫ್ಲಾನ್ ಲೈನರ್ (ತಂತಿ ಹಾಯುವ ಒಳಕೊಳವೆ), ಮೂರು ಮೀಟರ್ ಮೀರದ ಟಾರ್ಚ್ ಕೇಳಿ. ದೋಣಿಯ ಒಳಗೆ ಇಳಿದು ಕೆಲಸ ಮಾಡುವುದರಿಂದ ಉದ್ದ ಕೇಬಲ್ ಬೇಕೇ ಬೇಕು ಅಂತಾದರೆ ಪುಶ್‌-ಪುಲ್ ಟಾರ್ಚಿಗೆ (ಮುಂದಿನಿಂದಲೂ ತಂತಿ ಎಳೆಯುವುದು) ದುಡ್ಡು ಹಾಕಿ. ಮೆತ್ತನೆ ತಂತಿಯನ್ನು ಹಿಂದಿನಿಂದ ಬರೀ ತಳ್ಳಿದರೆ ಶ್ಯಾವಿಗೆ ಥರ ಫೀಡರಿನಲ್ಲೇ ಗಂಟಾಗುತ್ತದೆ. ನದಿ ಕಡೆಯಿಂದ ಗಾಳಿ ಬೀಸುವಾಗ ತಾಡಪಾಲು ಕಟ್ಟಿಕೊಳ್ಳಿ. ಗ್ಯಾಸ್ ಜಾಸ್ತಿ ಬಿಟ್ಟರೆ ಗಾಳಿ ನಿಲ್ಲುವುದಿಲ್ಲ, ಸುಳಿ ಎದ್ದು ಇನ್ನಷ್ಟು ತೂತು.

ಪ್ರಶ್ನೆ: ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಮುಚ್ಚಿದ ಒಂದು ಫ್ಯಾಕ್ಟರಿಯಿಂದ ವಿದೇಶಿ ಪಲ್ಸ್ ಮಷೀನ್ ಅರ್ಧಕ್ಕಿಂತ ಕಡಿಮೆ ಬೆಲೆಗೆ ಬರುತ್ತಿದೆ. ಫೀಡರ್ ಇಲ್ಲ. ತಗೊಳ್ಳಲಾ?
— ಠಾಣೆ

ಉತ್ತರ: ಫೀಡರ್ ಇಲ್ಲ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಬೇಡ. ಹಳೇ ಸಿಓಟು ಮಷೀನಾಗಿದ್ದರೆ ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ ಸುತ್ತಿ ಯಾವುದೋ ಒಂದನ್ನು ಜೋಡಿಸಬಹುದಿತ್ತು. ಪಲ್ಸ್ ಮಷೀನೂ ಫೀಡರೂ ಗಂಡ ಹೆಂಡತಿ ಇದ್ದ ಹಾಗೆ, ತಮ್ಮದೇ ಭಾಷೆಯಲ್ಲಿ ಮಾತಾಡಿಕೊಳ್ಳುತ್ತವೆ. ಬೇರೆ ಕಂಪನಿಯದು ತಂದರೆ ಒಂದಕ್ಕೊಂದು ಅರ್ಥವಾಗುವುದಿಲ್ಲ.

ಫೀಡರ್ ಸಮೇತ ಸಿಕ್ಕರೂ ಮೂರು ವಿಷಯ ನೋಡಿ. ಅಮೆರಿಕದ ಮಷೀನಾದರೆ ಪಟ್ಟಿಯಲ್ಲಿ 460 ಅಥವಾ 575 ವೋಲ್ಟ್ ಮಾತ್ರ ಇದೆಯಾ? ಇದ್ದರೆ ನಮ್ಮ 415ಕ್ಕೆ ಟ್ರಾನ್ಸ್‌ಫಾರ್ಮರ್ ಕಟ್ಟಬೇಕು. ಯುರೋಪಿನ 400 ವೋಲ್ಟಿನದು ತೊಂದರೆಯಿಲ್ಲ. ಎರಡನೆಯದು, ಆನ್ ಮಾಡಿ ಮೆನು ತೆಗೆಸಿ, ನಿಮ್ಮ ತಂತಿ, ನಿಮ್ಮ ಗ್ಯಾಸಿನ ಪಲ್ಸ್ ಪ್ರೋಗ್ರಾಂ ಇದೆಯೇ ಕಣ್ಣಾರೆ ನೋಡಿ. ಎಷ್ಟೋ ಕಂಪನಿಗಳಲ್ಲಿ ಪಲ್ಸ್ ಅನ್ನುವುದು ಬೇರೆ ದುಡ್ಡು ಕೊಟ್ಟು ತೆಗೆಸಬೇಕಾದ ಬೀಗ. ಪೆಟ್ಟಿಗೆ ಅದೇ, ಬೀಗ ತೆಗೆಯದಿದ್ದರೆ ನಿಮ್ಮದು ದುಬಾರಿ ಸಾದಾ ಮಿಗ್. ಮೂರನೆಯದು, ಆ ಮಾದರಿಗೆ ಇನ್ನೂ ಬೋರ್ಡ್ ಕೊಡುತ್ತಾರಾ ಎಂದು ಸೀರಿಯಲ್ ನಂಬರ್ ಕೊಟ್ಟು ಕಂಪನಿಗೇ ಕೇಳಿ. ಮಾರುವವನನ್ನು ಕೇಳಬೇಡಿ.

ಪ್ರಶ್ನೆ: ಚಾಕಣ್‌ನಲ್ಲಿ ಸ್ಟೇನ್‌ಲೆಸ್ ಟ್ಯಾಂಕ್ ಮಾಡುತ್ತೇವೆ. ಒಳ್ಳೆಯ ಪಲ್ಸ್ ಮಷೀನ್ ತಗೊಂಡು ಎರಡು ತಿಂಗಳಾಯಿತು. ಒಂದು ದಿನ ಬೆಣ್ಣೆ, ಒಂದು ದಿನ ಪುಕ್‌ಪುಕ್ ಎಂದು ಸಿಡಿಯುತ್ತದೆ. ಮಷೀನ್ ವಾಪಸ್ ಕೊಡಬೇಕು ಅನ್ನಿಸುತ್ತಿದೆ.
— ಚಾಕಣ್

ಉತ್ತರ: ವಾಪಸ್ ಕೊಡುವ ಮೊದಲು ನೆಲ ನೋಡಿ. ನನ್ನ ಕತೆ ಹೇಳುತ್ತೇನೆ.

ನನ್ನ ಶೆಡ್ಡಿನಲ್ಲಿ ಮೊದಲ ಪಲ್ಸ್ ಮಷೀನ್ ಬಂದಾಗ ಇದೇ ಗೋಳು. ಬೆಳಿಗ್ಗೆ ಚೆನ್ನಾಗಿ ಓಡಿದ್ದು ಮಧ್ಯಾಹ್ನ ಕೈ ಕೊಡುತ್ತಿತ್ತು. ತಂತಿ ಬದಲಿಸಿದೆವು, ಟಿಪ್ ಬದಲಿಸಿದೆವು, ಗ್ಯಾಸಿನವನ ಜತೆ ಜಗಳ ಆಡಿದೆವು. ಫೋನಿನಲ್ಲಿ ಡೀಲರ್‌ಗೆ ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ ಸರ್ವಿಸ್ ಹುಡುಗ ಬಂದ. ಇಪ್ಪತ್ತೈದು ವರ್ಷ ಇರಬಹುದು. ಮಷೀನ್ ಮುಚ್ಚಳಕ್ಕೆ ಕೈ ಹಾಕಲಿಲ್ಲ. ಶೆಡ್ ಸುತ್ತ ಒಂದು ಸಲ ನಡೆದು, ರ‍್ಯಾಕಿನ ಕಬ್ಬಿಣದ ಕಾಲಿಗೆ ನಮ್ಮ ಹುಡುಗರು ನೀಟಾಗಿ ಎಂಟ್ಹತ್ತು ಸುತ್ತು ಸುತ್ತಿ ನೇತುಹಾಕಿದ್ದ ಅರ್ಥ್ ಕೇಬಲನ್ನು ಬಿಚ್ಚಿ ನೆಲದ ಮೇಲೆ ಹಾವಿನ ಹಾಗೆ ಹಾಸಿದ. 'ಈಗ ಹೊಡೀರಿ' ಅಂದ. ದುಂಬಿಯ ಸದ್ದು ವಾಪಸ್ ಬಂತು. ಚಹಾ ಕುಡಿಸಿ ಕಳಿಸಿದೆ, ಇನ್ನೇನು ಮಾಡಲಿ.

ಆಗಿದ್ದು ಇಷ್ಟೇ. ಕೇಬಲ್ ಸುತ್ತಿದರೆ ಕಾಯಿಲ್ ಆಗುತ್ತದೆ, ಮಧ್ಯೆ ಕಬ್ಬಿಣವೂ ಇದ್ದರೆ ಕೇಳಲೇ ಬೇಡಿ. ಕರೆಂಟ್ ಥಟ್ಟನೆ ಏರಿ ಥಟ್ಟನೆ ಇಳಿಯಬೇಕಾದಲ್ಲಿ ಆ ಕಾಯಿಲ್ ಅದನ್ನು ತಡೆಯುತ್ತದೆ. ಏಟು ಮೊಂಡಾಗುತ್ತದೆ, ಹನಿ ಹೊತ್ತಿಗೆ ಸರಿಯಾಗಿ ಕಿತ್ತು ಬರುವುದಿಲ್ಲ. ಸಾದಾ ಸಿಓಟು ಮಷೀನಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಪಲ್ಸಿಗೆ ತಕ್ಷಣ ಗೊತ್ತಾಗುತ್ತದೆ. ಬೆಳಿಗ್ಗೆ ಚೆನ್ನಾಗಿರುತ್ತಿದ್ದದ್ದು ಯಾಕೆಂದರೆ ಬೆಳಿಗ್ಗೆ ದೊಡ್ಡ ಜಾಬ್ ದೂರದಲ್ಲಿತ್ತು, ಕೇಬಲ್ ಪೂರ್ತಿ ಬಿಚ್ಚಿರುತ್ತಿತ್ತು.

ನೀವೂ ಕೇಬಲನ್ನು ಬೇಕಾದಷ್ಟೇ ಉದ್ದ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ, ಅರ್ಥ್ ಕ್ಲಾಂಪನ್ನು ಟೇಬಲಿನ ಕಾಲಿಗಲ್ಲ, ಟ್ಯಾಂಕಿಗೇ ಹಾಕಿ. ಕ್ಲಾಂಪ್ ಬಿಸಿಯಾಗುತ್ತದೆಯೇ ಕೈ ಇಟ್ಟು ನೋಡಿ. ಆಗುತ್ತಿದ್ದರೆ ಸಂಪರ್ಕ ಸಡಿಲ. ಕಾಂಟ್ಯಾಕ್ಟ್ ಟಿಪ್ಪಿನ (ತಂತಿ ಹೊರಬರುವ ತಾಮ್ರದ ತುದಿಯ) ತೂತು ಮೊಟ್ಟೆಯಾಕಾರ ಆಗಿದ್ದರೆ ಎಸೆಯಿರಿ, ಪಲ್ಸ್ ಟಿಪ್ಪನ್ನು ಬೇಗ ತಿನ್ನುತ್ತದೆ. ಇಷ್ಟಾದ ಮೇಲೂ ಸಿಡಿದರೆ ನನಗೆ ಬರೆಯಿರಿ, ಆಗ ಡೀಲರನ್ನು ಒಟ್ಟಿಗೇ ಬಯ್ಯೋಣ.

ಪ್ರಶ್ನೆ: ಪಲ್ಸಿನಲ್ಲಿ ಹೊಗೆ ಕಡಿಮೆ, ಮಾಸ್ಕ್ ಬೇಡ ಅಂತಾರೆ ನಮ್ಮ ಸೂಪರ್‌ವೈಸರ್. ಮತ್ತೆ ರಾತ್ರಿ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿಯುತ್ತದೆ. ಆಲೂಗಡ್ಡೆ ಚೂರು ಇಟ್ಟುಕೊಂಡು ಮಲಗುತ್ತೇನೆ.
— ವೆಲ್ಡರ್, ಚಿಂಚವಡ

ಉತ್ತರ: ಹೊಗೆ ಸ್ವಲ್ಪ ಕಡಿಮೆ ಇರಬಹುದು, ಇಲ್ಲವೇ ಇಲ್ಲ ಅಂತಲ್ಲ. ವೆಲ್ಡಿಂಗ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2017ರಲ್ಲೇ ತೀರ್ಮಾನಿಸಿದೆ. ಇದನ್ನು ಸೂಪರ್‌ವೈಸರಿಗೆ ಓದಿ ಹೇಳಿ. ಕಣ್ಣಿನ ವಿಷಯ: ಆರ್ಗಾನ್ ಮಿಶ್ರಣದಲ್ಲಿ ಹೊಗೆ ತೆಳುವಾದಷ್ಟೂ ಆರ್ಕಿನ ಬೆಳಕು ಜಾಸ್ತಿ ಚುಚ್ಚುತ್ತದೆ. ಸಿಓಟುಗೆ ಹಾಕುತ್ತಿದ್ದ ಹಳೇ ಗಾಜು ಸಾಕಾಗುವುದಿಲ್ಲ. 200 ಆಂಪ್ ಮೇಲೆ 11 ಅಥವಾ 12 ನಂಬರ್ ಗಾಜು ಹಾಕಿ. ಪಕ್ಕದವನ ಆರ್ಕಿಗೂ ಪರದೆ ಕಟ್ಟಿಸಿ. ಆಲೂಗಡ್ಡೆ, ಹಾಲು ಏನೂ ಕಣ್ಣಿಗೆ ಹಾಕಬೇಡಿ, ಆಲೂಗಡ್ಡೆ ಪಲ್ಯಕ್ಕೆ ಇರಲಿ. ಈ ಉರಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಆದರೆ ಮತ್ತೆ ಮತ್ತೆ ಆಗುತ್ತಿದೆ ಅಂದರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಲೇಬೇಕು.

ಪ್ರಶ್ನೆ: ಪಲ್ಸ್ ಮಿಗ್‌ಗೆ ಕನ್ನಡದಲ್ಲಿ ಏನನ್ನುತ್ತಾರೆ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮಾಟುಂಗಾ

ಉತ್ತರ: ನಮ್ಮ ಶೆಡ್ಡಿನಲ್ಲಿ 'ಪಲ್ಸು' ಅಂತಾರೆ. ನಿಮಗೆ ಬೇಕಾದರೆ ನಾಡಿ ಬೆಸುಗೆ ಅನ್ನಿ, ಚೆನ್ನಾಗಿದೆ. ಅಂಗಡಿಯಲ್ಲಿ ಮಾತ್ರ ಹಾಗೆ ಕೇಳಬೇಡಿ, ವೈದ್ಯರ ವಿಳಾಸ ಕೊಟ್ಟಾರು.

ಪ್ರಶ್ನೆ: ಪಿಂಪ್ರಿಯಲ್ಲಿ ನಮ್ಮ ಮನೆಯವರ ವರ್ಕ್‌ಶಾಪ್. ಲೆಕ್ಕ ನಾನೇ ಬರೆಯುವುದು. ಅವರು ಪಲ್ಸ್ ಮಷೀನ್ ಅಂತ ಆರು ತಿಂಗಳಿಂದ ಕನವರಿಸುತ್ತಿದ್ದಾರೆ. ದುಡ್ಡು ವಾಪಸ್ ಬರುತ್ತದಾ ಇಲ್ಲವಾ ಅಂತ ನಾನು ಹೇಗೆ ಲೆಕ್ಕ ಹಾಕಲಿ? ನನಗೆ ವೆಲ್ಡಿಂಗ್ ಗೊತ್ತಿಲ್ಲ.
— ಪಿಂಪ್ರಿ

ಉತ್ತರ: ಈ ತಿಂಗಳ ಒಳ್ಳೆಯ ಪ್ರಶ್ನೆ ಇದು. ವೆಲ್ಡಿಂಗ್ ಗೊತ್ತಿಲ್ಲದಿರುವುದೇ ಒಳ್ಳೆಯದು, ನಿಮಗೆ ಬೀಡಿನ ಮೋಹ ಇರುವುದಿಲ್ಲ.

ಮೊದಲು ಖರ್ಚು ಏರುವ ಕಡೆ, ಅಂದರೆ ಗ್ಯಾಸ್. 30 ಕೆಜಿ ಸಿಓಟು ಸಿಲಿಂಡರಿನಲ್ಲಿ ಸುಮಾರು 16,000 ಲೀಟರ್ ಗ್ಯಾಸ್ ಇರುತ್ತದೆ. ನಿಮಿಷಕ್ಕೆ 15 ಲೀಟರ್ ಹಿಡಿದರೆ 18 ಗಂಟೆ ಆರ್ಕ್. 7 ಘನ ಮೀಟರಿನ ಆರ್ಗಾನ್ ಮಿಶ್ರಣದ ಸಿಲಿಂಡರ್ ಅಂದರೆ 7,000 ಲೀಟರ್, ಎಂಟು ಗಂಟೆಯೂ ಬರುವುದಿಲ್ಲ. ಮೇಲಾಗಿ ಮಿಶ್ರಣದ ಬೆಲೆಯೂ ಜಾಸ್ತಿ. ಗ್ಯಾಸಿನವನಿಂದ ಎರಡರ ಬೆಲೆ ಕೇಳಿ, ಒಂದು ಗಂಟೆ ಆರ್ಕಿಗೆ ಎಷ್ಟು ಬೀಳುತ್ತದೆ ಭಾಗಿಸಿ. ಮನೆಯವರು ದಿನಕ್ಕೆ ಎಂಟು ಗಂಟೆ ವೆಲ್ಡಿಂಗ್ ಅಂದರೆ ನಂಬಬೇಡಿ. ಜೋಡಿಸುವುದು, ಅಳೆಯುವುದು, ತಿರುಗಿಸುವುದು, ತಂಬಾಕು ತಿಕ್ಕುವುದು ಎಲ್ಲ ಕಳೆದರೆ ಆರ್ಕ್ ಉರಿಯುವುದು ಎರಡು ಮೂರು ಗಂಟೆ. ಮಷೀನಿನ ತಿಂಗಳ ಕಂತನ್ನೂ ಇದೇ ಕಡೆ ಸೇರಿಸಿ.

ಇನ್ನೊಂದು ಕಡೆ ಇಳಿಯುವ ಖರ್ಚು. ಒಂದು ತಿಂಗಳು ಗ್ರೈಂಡಿಂಗ್ ಡಿಸ್ಕ್ ಎಷ್ಟು ತಂದಿರಿ, ಬಿಲ್ಲು ನಿಮ್ಮ ಹತ್ತಿರವೇ ಇದೆ. ಗ್ರೈಂಡರಿನವನ ಸಂಬಳದಲ್ಲಿ ಸ್ಪ್ಯಾಟರ್ ಕೆರೆಯುವ ಗಂಟೆಗಳ ಪಾಲು. ಪೇಂಟ್ ಅಂಗಡಿಯಿಂದ, ಗಿರಾಕಿಯಿಂದ ವಾಪಸ್ ಬಂದ ಜಾಬು ಎಷ್ಟು, ಅದರ ಟೆಂಪೋ ಬಾಡಿಗೆ ಎಷ್ಟು. ಸ್ಟೇನ್‌ಲೆಸ್, ಅಲ್ಯುಮಿನಿಯಂ ಕೆಲಸ ಹೊರಗೆ ಕೊಡುತ್ತಿದ್ದರೆ ಆ ಬಿಲ್ಲೂ. ಇವೆಲ್ಲ ಪೂರ್ತಿ ಸೊನ್ನೆ ಆಗುವುದಿಲ್ಲ. ನಾನಾದರೆ ಅರ್ಧ ಉಳಿಯುತ್ತದೆ ಎಂದು ಹಿಡಿದು ನೋಡುತ್ತೇನೆ. ಅರ್ಧಕ್ಕೇ ಕಂತೂ ಗ್ಯಾಸೂ ಹೊಂದಿಬಿಟ್ಟರೆ ತಗೊಳ್ಳಿ. ಹೊಂದದಿದ್ದರೆ ಮನೆಯವರು ಇನ್ನಾರು ತಿಂಗಳು ಕನವರಿಸಲಿ.

ಗಂಟೆಗಳ ಲೆಕ್ಕವನ್ನು ಮನೆಯವರ ಹತ್ತಿರ ಕೇಳಬೇಡಿ. ಊಟದ ಡಬ್ಬಿ ಕೊಡುವ ನೆಪದಲ್ಲಿ ಶೆಡ್ಡಿಗೆ ಹೋಗಿ ಗ್ರೈಂಡರ್ ಹುಡುಗನನ್ನೇ ಕೇಳಿ. ಅವನಿಗೆ ನಿಮಿಷದ ಸಮೇತ ಗೊತ್ತಿರುತ್ತದೆ.